ವೇದಿಕೆಗೆ ಕೊಡುವ ಹಣ ತಾಲೀಮಿಗೂ ಬರಲಿ: ನಮ್ಮ ಭಾಗದ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಸಮಿತಿಗಳ ಅಧ್ಯಕ್ಷರು ಮತ್ತು ಸದಸ್ಯರು,
ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಕಾರ್ಖಾನೆ, ಕಚೇರಿ, ಗಾಳಿ ವಿದ್ಯುತ್ ಘಟಕ ನಡೆಸುತ್ತಿರುವ ಎಲ್ಲ ಕಂಪನಿಗಳು.

ವಿಷಯ: ನಮ್ಮ ಸೀಮೆಯ ಕಲೆಗಳನ್ನು ಮಕ್ಕಳಿಗೆ ಕಲಿಸಲು ನೀವು ಕೊಡುವ ನೆರವಿನ ಬಗ್ಗೆ.

ಮಾನ್ಯರೇ,

ನಾನು ಕುಂದಗೋಳ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಶನಿವಾರ ನಮಗೆ ಬೆಳಗಿನ ಶಾಲೆ. ಮಧ್ಯಾಹ್ನ ಖಾಲಿಯಾಗುವ ಒಂದು ಕೋಣೆಯಲ್ಲಿ ಊರಿನ ದೊಡ್ಡಾಟದ (ಹಾಡು, ಕುಣಿತ, ಮಾತು ಇರುವ ನಮ್ಮ ಸೀಮೆಯ ಬಯಲಾಟದ) ಮಾಸ್ತರು ಹದಿನಾಲ್ಕು ಮಕ್ಕಳಿಗೆ ಹಾಡು, ಹೆಜ್ಜೆ, ಮಾತು ಕಲಿಸುತ್ತಾರೆ. ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಕಳೆದ ವರ್ಷ ನಿಮ್ಮಲ್ಲೇ ಒಂದು ಕಂಪನಿ ಈ ಮಕ್ಕಳನ್ನೂ ಮಾಸ್ತರನ್ನೂ ಹುಬ್ಬಳ್ಳಿಗೆ ಕರೆಸಿಕೊಂಡಿತ್ತು. ಯುವಜನರಿಗೆ ಪರಂಪರೆ ತಲುಪಿಸುವ ಕಾರ್ಯಕ್ರಮ ಅಂತ ಹೇಳಿದ್ದರು. ಅಲ್ಲಿ ನಾನು ನೋಡಿದ್ದನ್ನು ನಿಮ್ಮೆಲ್ಲರ ಮುಂದೆ ಇಡಬೇಕು ಅನ್ನಿಸಿತು. ಆ ಕಂಪನಿಯ ಹೆಸರು ಹೇಳುವುದಿಲ್ಲ. ಅಕ್ಕಪಕ್ಕದ ತಾಲೂಕುಗಳ ಶಿಕ್ಷಕರನ್ನು ಕೇಳಿದರೆ ಅವರವರ ಅನುಭವವೂ ಹೆಚ್ಚುಕಡಿಮೆ ಇದೇ. ಹಾಗಾಗಿ ಒಬ್ಬರನ್ನೇ ದೂರಿ ಪ್ರಯೋಜನವಿಲ್ಲ.

ನಮಗೆ ಬೆಳಗ್ಗೆ ಒಂಬತ್ತಕ್ಕೇ ಬರಲು ಹೇಳಿದ್ದರು. ವೇದಿಕೆ ಹತ್ತಲು ಕರೆ ಬಂದದ್ದು ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ. ಅಷ್ಟರಲ್ಲಿ ಒಬ್ಬ ಹುಡುಗ ಬಂದು, "ಐದು ನಿಮಿಷದೊಳಗೆ ಮುಗಿಸಿ, ಗೆಸ್ಟ್ ಹೊರಡುತ್ತಾರೆ" ಅಂದ. ರಾತ್ರಿಯಿಡೀ ನಡೆಯುವ ಆಟದ ಒಂದು ಪ್ರಸಂಗವನ್ನು ಮಾಸ್ತರು ಮೊದಲೇ ಇಪ್ಪತ್ತು ನಿಮಿಷಕ್ಕೆ ಇಳಿಸಿಕೊಂಡು ಬಂದಿದ್ದರು. ಈಗ ಐದಕ್ಕೆ ಇಳಿಸಬೇಕಾಯಿತು. ಮದ್ದಳೆಯವರು ಶ್ರುತಿ ಮಾಡಿಕೊಂಡು ಕೂತಿದ್ದರು. ಸೌಂಡ್ ಸಿಸ್ಟಂನವರು ಅವರ ಮುಂದೆ ಮೈಕ್ ಇಡಲು ಸಮಯವಿಲ್ಲ ಎಂದು ಯಾವುದೋ ರೆಕಾರ್ಡ್ ಹಾಕಿಬಿಟ್ಟರು. ನಮ್ಮ ಮಕ್ಕಳು ತಮಗೆ ಗೊತ್ತಿಲ್ಲದ ಹಾಡಿಗೆ ತಮಗೆ ಗೊತ್ತಿರುವ ಹೆಜ್ಜೆ ಹಾಕಿದರು. ಚಪ್ಪಾಳೆ ಬಂತು. ಮಾಸ್ತರಿಗೆ ಶಾಲು, ಹಣ್ಣಿನ ಬುಟ್ಟಿ, ಕಂಪನಿಯ ಲಾಂಛನವಿದ್ದ ಒಂದು ಫಲಕ ಕೊಟ್ಟರು. ಗೌರವಧನ ಬೇಕೆಂದರೆ ಪ್ಯಾನ್ ಕಾರ್ಡ್, ರದ್ದುಮಾಡಿದ ಚೆಕ್, ಆಮೇಲೆ ವೆಂಡರ್ ಕೋಡ್ ಅಂತ ಒಂದು. ಹಣ ಕೈಸೇರುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಅಂದಿನ ಬಸ್ ಚಾರ್ಜ್ ಮಾಸ್ತರೇ ಹಾಕಿಕೊಂಡಿದ್ದರು.

ಆಮೇಲೆ ಆ ಕಂಪನಿಯ ವರದಿ ನೋಡಿದೆ. ಆರುನೂರು ಮಕ್ಕಳಿಗೆ ದೇಸಿ ಕಲೆಯ ಪರಿಚಯ ಮಾಡಿಸಲಾಗಿದೆ ಎಂದು ಬರೆದಿದ್ದರು. ಬಸ್ಸಿನಲ್ಲಿ ಕರೆತಂದು ಕುರ್ಚಿ ತುಂಬಿಸಿದ ಶಾಲಾ ಮಕ್ಕಳನ್ನೆಲ್ಲ ಸೇರಿಸಿದರೆ ಆ ಲೆಕ್ಕ ಸುಳ್ಳಲ್ಲ. ಆದರೆ ಆ ಆರುನೂರರಲ್ಲಿ ಒಂದು ಮಗುವಿಗಾದರೂ ಒಂದು ಪದ, ಅಂದರೆ ಆಟದ ಒಂದು ಹಾಡು, ಬಂತಾ?

ಸ್ವಾಮಿ, ನನ್ನ ದೂರಿನ ಬೇರು ಇಲ್ಲಿದೆ. ಶನಿವಾರದ ತರಗತಿಗೆ ನೆರವು ಕೇಳಿಕೊಂಡು ನಾನು ಇನ್ನೊಂದು ಕಂಪನಿಯ ಕಚೇರಿಗೂ ಹೋಗಿದ್ದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯವರೇ. ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡರು. ಕೊನೆಗೆ, "ಮೇಡಂ, ಎಷ್ಟು ಜನ ಫಲಾನುಭವಿಗಳು?" ಎಂದರು. ಹದಿನಾಲ್ಕು ಅಂದೆ. "ಇಷ್ಟು ಸಣ್ಣ ಸಂಖ್ಯೆ ಹಿಡಿದು ಬೋರ್ಡಿಗೆ ಹೋಗೋಕೆ ಆಗಲ್ಲ. ನೂರು ಮಾಡಿ, ನೋಡೋಣ" ಅಂದರು. ನೂರು ಮಕ್ಕಳಿಗೆ ಒಬ್ಬ ಮಾಸ್ತರು ದೊಡ್ಡಾಟ ಕಲಿಸಲು ಬರುವುದಿಲ್ಲ. ಹೆಜ್ಜೆ ತಪ್ಪಿದ ಮಗುವಿನ ಕಾಲನ್ನು ಕೈಯಲ್ಲಿ ಹಿಡಿದು ತಿದ್ದಬೇಕು. ಗಂಟಲು ಕಟ್ಟಿದವಳಿಗೆ ಆ ದಿನ ಮಾತು ಮಾತ್ರ ಹೇಳಿಸಬೇಕು. ತಲೆ ಎಣಿಸುವ ಈ ಲೆಕ್ಕದಲ್ಲಿ ಒಂದು ದಿನ ನೋಡಿ ಹೋದ ಆರುನೂರು ಮಕ್ಕಳು ಮೂರು ವರ್ಷ ಕಲಿತ ಹದಿನಾಲ್ಕು ಮಕ್ಕಳಿಗಿಂತ ಯಾವಾಗಲೂ ಜಾಸ್ತಿಯೇ. ಹಾಗಾಗಿ ಹಣ ಯಾವಾಗಲೂ ಉತ್ಸವಕ್ಕೇ ಹೋಗುತ್ತದೆ. ಇದರಲ್ಲಿ ಯಾರ ಕೆಟ್ಟ ಮನಸ್ಸೂ ಇಲ್ಲ ಎಂದು ನಾನು ನಂಬುತ್ತೇನೆ. ಅಳತೆ ತಪ್ಪಿದೆ.

ನಮ್ಮ ತರಗತಿಯಲ್ಲಿ ಏನು ನಡೆಯುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಮಾಸ್ತರ ಬಳಿ ಉದ್ದನೆಯ ಲೆಕ್ಕದ ವಹಿಗಳಿವೆ. ಅವರ ಗುರುಗಳು ಕೈಯಾರೆ ಬರೆದದ್ದು. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ, ಅಂಚು ಪುಡಿಯಾಗುತ್ತಿದೆ. ಮೊದಲು ಪದ, ಅದರ ಕೆಳಗೆ ಪಾತ್ರದ ಮಾತು, ಬದಿಯಲ್ಲಿ ಪೆನ್ಸಿಲ್ಲಿನ ಸಣ್ಣ ಸಣ್ಣ ಗುರುತು. ಎಲ್ಲಿ ತಾಳ ಬದಲಾಗಬೇಕು, ಎಲ್ಲಿ ಭಾಗವತರು ಎಳೆಯಬೇಕು, ಎಲ್ಲಿ ಪಾತ್ರಧಾರಿ ತಿರುಗಿ ನಿಲ್ಲಬೇಕು ಅನ್ನುವುದೆಲ್ಲ ಆ ಗುರುತಿನಲ್ಲಿದೆ. ಅವುಗಳನ್ನು ಓದಲು ಈಗ ನಮ್ಮೂರಲ್ಲಿ ಅವರೊಬ್ಬರಿಗೇ ಬರುತ್ತದೆ. ವಹಿಯನ್ನು ಸ್ಕ್ಯಾನ್ ಮಾಡಿಸಿ ಇಡಬಹುದು, ಇಡಲೇಬೇಕು. ಆದರೆ ಮಟ್ಟು, ಅಂದರೆ ಹಾಡುವ ಧಾಟಿ, ವಹಿಯಲ್ಲಿಲ್ಲ. ಅದು ಮಾಸ್ತರ ಗಂಟಲಿನಲ್ಲಿದೆ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ದ್ರೌಪದಿಯ ಪಾತ್ರ ಕಲಿಯುತ್ತಿದ್ದಾಳೆ. ಮೊದಲೆಲ್ಲ ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಈಗ ನಮ್ಮ ಕೋಣೆಯಲ್ಲಿ ಅರ್ಧಕ್ಕರ್ಧ ಹುಡುಗಿಯರೇ. ಇವಳಿಗೆ ಹಾಡು ಬೇಗ ಬಂತು, ಹೆಜ್ಜೆಯೂ ಬಂತು. ಎರಡನ್ನೂ ಒಟ್ಟಿಗೆ ಮಾಡು ಅಂದರೆ ಒಂದು ನಿಂತೇಬಿಡುತ್ತಿತ್ತು. ಮಾಸ್ತರು ಬೈಯಲಿಲ್ಲ. ಪದ ನಿಲ್ಲಿಸಿ, ಅವಳ ಕೈಗೆ ತಾಳ ಕೊಟ್ಟು, "ತಂಗೀ, ಸುಮ್ನ ತಾಳ ಹಾಕ. ಕಾಲು ತಾನ ಕೇಳಸ್ಕೊಂತೈತಿ" ಅಂದರು. ವಾರಗಟ್ಟಲೆ ಅವಳು ಬರೀ ತಾಳ ಹಾಕಿದಳು. ಒಂದು ಶನಿವಾರ ತಾಳ ಕೆಳಗಿಟ್ಟು ಎದ್ದವಳು ಹಾಡುತ್ತಲೇ ಕೋಣೆಯ ಈ ತುದಿಯಿಂದ ಆ ತುದಿಗೆ ಕುಣಿದು ಹೋದಳು. ಮೈಕಿಲ್ಲದೆ ಅವಳ ಧ್ವನಿ ಆಟದ ಮೈದಾನಕ್ಕೆ ಕೇಳಿಸಿತು. ಆ ವಾರಗಳ ಖರ್ಚನ್ನು ಯಾರ ಬಜೆಟ್ಟಿನಲ್ಲಿ ಬರೆಯುವುದು? ನೀವು ಕೊಡಬೇಕಾದ ಹಣ ನಿಜವಾಗಿ ಬೇಕಿರುವುದು ಆ ವಾರಗಳಿಗೆ.

ನಮ್ಮ ಸೀಮೆಗೆ ಇದು ಹೊಸ ವಿಚಾರವೇನಲ್ಲ. ಕುಂದಗೋಳದ ನಾಡಿಗೇರ ಮನೆತನದ ವಾಡೆಯ ಆಶ್ರಯ ಸಂಗೀತಗಾರರಿಗೆ ಹೇಗಿತ್ತು ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ಕುಂದಗೋಳದಲ್ಲಿ ಕೂತು ಕಲಿಸಿದರು. ಗಂಗೂಬಾಯಿ ಹಾನಗಲ್ಲ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಹೋಗಿ ಕಲಿತರು. ಭೀಮಸೇನ ಜೋಶಿ ಅವರು ಗುರುವಿನ ಮನೆಯಲ್ಲೇ ಇದ್ದು, ನೀರು ಹೊತ್ತು, ಮನೆಗೆಲಸ ಮಾಡಿ ಕಲಿತರು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರ ಗವಾಯಿಗಳು ಮತ್ತು ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಮಕ್ಕಳಿಗೆ, ಬಡ ಮಕ್ಕಳಿಗೆ ಮೊದಲು ಕೊಟ್ಟದ್ದು ಊಟ ಮತ್ತು ವಸತಿ. ಆ ಅನ್ನದ ಖರ್ಚಿಗಾಗಿ ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. ಭಕ್ತರು ಮಾಡಿದ ತುಲಾಭಾರದ ಹಣವೂ ಆಶ್ರಮದ ಮಕ್ಕಳಿಗೇ ಹೋಯಿತು. ಅಲ್ಲಿ ಕಲಿತವರು ಇವತ್ತು ನಾಡಿನ ಎಷ್ಟೋ ಶಾಲೆ, ಮಠ, ರಂಗಭೂಮಿಯಲ್ಲಿದ್ದಾರೆ. ಕಲಿಯುವವನ ಹೊಟ್ಟೆ, ಕಲಿಸುವವನ ಮನೆ ಎರಡನ್ನೂ ಯಾರೋ ನೋಡಿಕೊಂಡರು. ಅದಕ್ಕೇ ವಿದ್ಯೆ ದಾಟಿತು.

ಕಂಪನಿಗಳೂ ಇಂಥದ್ದನ್ನು ಮಾಡಿಲ್ಲ ಅಂತಲ್ಲ. 1970ರ ದಶಕದ ಕೊನೆಯಲ್ಲಿ ಐಟಿಸಿ ಕೋಲ್ಕತ್ತದಲ್ಲಿ ಸಂಗೀತ ರಿಸರ್ಚ್ ಅಕಾಡೆಮಿ ಶುರು ಮಾಡಿತು. ಗುರುಗಳಿಗೆ ಅಲ್ಲೇ ಮನೆ, ಶಿಷ್ಯರಿಗೆ ವಿದ್ಯಾರ್ಥಿವೇತನ. ನಮ್ಮ ಗದಗ ಜಿಲ್ಲೆಯಲ್ಲೇ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಜೀರ್ಣೋದ್ಧಾರಕ್ಕೆ ಇನ್ಫೋಸಿಸ್ ಫೌಂಡೇಶನ್ ಹಣ ಕೊಟ್ಟಿತು. ಹೋಗಿ ನೋಡಿ ಬನ್ನಿ, ಎಷ್ಟು ಚೆಂದ ಉಳಿದಿದೆ. ಕಲ್ಲಿನ ಗುಡಿಗೆ ಕೊಡುವಷ್ಟು ತಾಳ್ಮೆಯನ್ನು ಒಬ್ಬ ಮಾಸ್ತರಿಗೂ ಕೊಡಿ ಎಂದು ಕೇಳುತ್ತಿದ್ದೇನೆ.

ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಪತ್ರ ಓದುವ ಜನರಿಗಾಗಿ ಹೇಳುತ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಆಸ್ತಿ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಪ್ರತಿ ಕಂಪನಿಯೂ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಹಣವನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಯಾವ ಕೆಲಸಕ್ಕೆ ಎಂಬ ಏಳನೇ ಪರಿಶಿಷ್ಟದ ಪಟ್ಟಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ ಇದೆ. ಸಾಂಪ್ರದಾಯಿಕ ಕಲೆ ಮತ್ತು ಕರಕುಶಲದ ಅಭಿವೃದ್ಧಿಯೂ ಇದೆ. ಕಂಪನಿ ಇರುವ ಊರು, ಅದರ ಸುತ್ತಮುತ್ತಲಿನ ಜಾಗಕ್ಕೆ ಆದ್ಯತೆ ಕೊಡಿ ಎಂದೂ ಕಾಯ್ದೆಯಲ್ಲಿದೆ. ಮಾರ್ಚ್ ಬಂತು, ಹಣ ಮುಗಿಸಬೇಕು ಅನ್ನುವ ಮಾತು ನನಗೆ ಎರಡು ಕಡೆ ಕೇಳಿಬಂತು. ಆದರೆ ಮುಂದುವರಿಯುವ ಯೋಜನೆ ಎಂದು ಬೋರ್ಡ್ ಒಪ್ಪಿದರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಅದನ್ನು ನಡೆಸಲು ನಿಯಮದಲ್ಲೇ ಅವಕಾಶವಿದೆ. ಒಂದು ಮಗು ಎಂಟನೇ ತರಗತಿಗೆ ಸೇರಿ ಹತ್ತು ಮುಗಿಸುವಷ್ಟು ಕಾಲ ಅದು.

ಇನ್ನೊಂದು ನಿಯಮವನ್ನೂ ದಯವಿಟ್ಟು ನೆನಪಿಡಿ. ತನ್ನ ಸರಕು, ಸೇವೆಗೆ ಪ್ರಚಾರ ಸಿಗಲಿ ಎಂದು ಕಂಪನಿ ಪ್ರಾಯೋಜಿಸುವ ಕಾರ್ಯಕ್ರಮ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ನಾವು ಹೋಗಿದ್ದ ಸಭಾಂಗಣದ ಬಾಗಿಲಲ್ಲೇ ಕಂಪನಿಯ ಸರಕಿನ ಮಳಿಗೆ ಇತ್ತು. ಮಕ್ಕಳ ಟೀ ಶರ್ಟಿನ ಎದೆಯ ಮೇಲೆ ಕಂಪನಿಯ ಹೆಸರಿತ್ತು. ಆ ಖರ್ಚನ್ನು ಯಾವ ಲೆಕ್ಕದಲ್ಲಿ ಬರೆದರೋ ನನಗೆ ಗೊತ್ತಿಲ್ಲ. ನಿಮ್ಮ ಸಮಿತಿಯಲ್ಲಿ ಇಂಥ ಖರ್ಚು ಸಹಿಗೆ ಬಂದಾಗ ಒಮ್ಮೆ ನಿಲ್ಲಿಸಿ ಕೇಳಿ ಎಂದಷ್ಟೇ ವಿನಂತಿ.

ಹಣಕ್ಕಿಂತ ದೊಡ್ಡದೊಂದು ಬೇಡಿಕೆ ಇದೆ. ಅದಕ್ಕೆ ಬೋರ್ಡ್ ಮಂಜೂರಾತಿಯೂ ಬೇಡ. ಧಾರವಾಡದ ಬೇಲೂರು, ಹುಬ್ಬಳ್ಳಿಯ ತಾರಿಹಾಳದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹುಡುಗರು ಯಾರು? ನಮ್ಮ ಹಳ್ಳಿಗಳ ಹುಡುಗರೇ. ಅವರ ಅಪ್ಪ ದೊಡ್ಡಾಟದಲ್ಲಿ ಪಾತ್ರ ಮಾಡಿದವನು, ಅಜ್ಜ ಹಲಗಿ ಬಾರಿಸಿದವನು, ಅವ್ವ ಸೋಬಾನ ಹೇಳಿದವಳು. ತಾಲೀಮು ಅಂದರೆ ಹೊಲದ ಕೆಲಸ ಮುಗಿಸಿ, ಉಂಡು, ರಾತ್ರಿ ಗುಡಿಯ ಮುಂದೆ ಸೇರುವುದು. ಜಾತ್ರೆಗೆ ಮೊದಲು ಒಂದೆರಡು ತಿಂಗಳು ಅದು ನಡೆಯಬೇಕು. ಈಗ ಹಗಲು ಪಾಳಿಯವರು ಒಂದು ವಾರ ಬಂದರೆ ಮುಂದಿನ ವಾರ ರಾತ್ರಿ ಪಾಳಿಗೆ ಹೋಗುತ್ತಾರೆ. ಕೃಷ್ಣ ಬಂದ ದಿನ ಅರ್ಜುನ ಇಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಳ್ಳೆಯ ಕಂಠದವನು. ಭಾಗವತಿಕೆ ಅವನಿಗೇ ಎಂದು ಮಾಸ್ತರು ಆಸೆ ಇಟ್ಟುಕೊಂಡಿದ್ದರು. ಅವನು ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲಿದ್ದಾನೆ. ಆಟದ ರಾತ್ರಿಗೆ ರಜೆ ಕೇಳಿದರೆ ಮರುದಿನ ಬರುವುದೇ ಬೇಡ ಅಂದರಂತೆ. "ಅಕ್ಕಾರ, ಆಟ ಬಿಟ್ರ ಊರಾಗ ಬೈತಾರ, ಕೆಲಸ ಬಿಟ್ರ ಮನ್ಯಾಗ ಒಲಿ ಹತ್ತಂಗಿಲ್ಲ" ಅಂತ ನನ್ನ ಮುಂದೆ ಹೇಳಿದ. ಅವನು ಆಟ ಬಿಟ್ಟ. ಅದನ್ನು ತಪ್ಪು ಅನ್ನಲು ನನಗೆ ಬಾಯಿಲ್ಲ.

ಹಾಗಾದರೆ ಮಕ್ಕಳಿಗೆ ಯಾರು ಕಲಿಸುತ್ತಾರೆ? ಎಪ್ಪತ್ತು ದಾಟಿದ ಮಾಸ್ತರಿಗೂ ಹದಿನಾಲ್ಕರ ಹುಡುಗಿಗೂ ನಡುವೆ ಇರಬೇಕಾದ ತಲೆಮಾರು ನಿಮ್ಮ ಶೆಡ್ಡುಗಳಲ್ಲಿ ಪಾಳಿ ಮಾಡುತ್ತಿದೆ. ಅವರಿಗೆ ಕೆಲಸ ಕೊಟ್ಟದ್ದಕ್ಕೆ ನಮ್ಮ ಊರುಗಳು ನಿಮಗೆ ಋಣಿ. ಆದರೆ ಊರಿನ ಆಟ, ಭಜನಾ ಮೇಳ, ಜಗ್ಗಲಗಿ (ದೊಡ್ಡ ಚರ್ಮವಾದ್ಯ) ಮೇಳದಲ್ಲಿ ಇರುವ ಕಾರ್ಮಿಕರ ಒಂದು ಪಟ್ಟಿ ಮಾಡಿಸಿ. ತಾಲೀಮಿನ ದಿನಗಳಲ್ಲಿ ಅವರಿಗೆ ಹಗಲು ಪಾಳಿ ಕೊಡಿ. ಆಟದ ರಾತ್ರಿ, ಅದರ ಮರುದಿನ ರಜೆ ಕೊಡಿ. ಗುತ್ತಿಗೆದಾರರ ಮೂಲಕ ಬಂದವರಿಗೂ ಇದು ಅನ್ವಯವಾಗಲಿ. ಈ ಪತ್ರದಲ್ಲಿ ನಾನು ಕೇಳುತ್ತಿರುವುದರಲ್ಲಿ ಒಂದೇ ಒಂದು ನಡೆಯುತ್ತದೆ ಅಂದರೆ ಇದೇ ನಡೆಯಲಿ.

ದೊಡ್ಡಾಟ ನನಗೆ ಗೊತ್ತಿರುವ ಕಾರಣ ಅದನ್ನೇ ಹಿಡಿದು ಬರೆದೆ. ಕೈಕೆಲಸದ ಕಥೆಯೂ ಬೇರೆಯಲ್ಲ. ಧಾರವಾಡದ ಕಸೂತಿಗೂ ನವಲಗುಂದದ ಜಮಖಾನಕ್ಕೂ ಜಿಐ (ಭೌಗೋಳಿಕ ಗುರುತಿನ) ಟ್ಯಾಗ್ ಸಿಕ್ಕಿದೆ. ಒಳ್ಳೆಯದೇ. ಆದರೆ ಟ್ಯಾಗ್ ಯಾರಿಗೂ ಕಲಿಸುವುದಿಲ್ಲ ಅಲ್ವಾ? ಗವಂತಿ, ಮುರ್ಗಿ, ನೇಗಿ, ಮೆಂತೆ, ಈ ನಾಲ್ಕು ಹೊಲಿಗೆಯನ್ನು ಬಟ್ಟೆಯ ಎಳೆ ಎಣಿಸುತ್ತಲೇ ಹಾಕಬೇಕು. ಮೊದಲೇ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರ್ಗಿಯಲ್ಲಂತೂ ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಚಿತ್ರ ವಾರೆಯಾಗುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ಎರಡು ದಿನದ ಕಾರ್ಯಾಗಾರದಲ್ಲಿ ಇದು ಬರುವುದಿಲ್ಲ. ಪ್ರಮಾಣಪತ್ರ ಮಾತ್ರ ಬರುತ್ತದೆ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಪ್ರತಿ ಕಂಪನಿ ತನ್ನ ಕಾರ್ಖಾನೆಯ ಸುತ್ತಲಿನ ಹಳ್ಳಿಗಳಲ್ಲಿ ಕೆಲವರನ್ನಾದರೂ ಆರಿಸಿಕೊಳ್ಳಲಿ. ಆಟದ ಮಾಸ್ತರು, ಸಂಗೀತದ ಗುರುಗಳು, ಕಸೂತಿ ಗೊತ್ತಿರುವ ಅಮ್ಮಂದಿರು, ಯಾರಾದರೂ ಸರಿ. ಅವರಿಗೆ ಮೂರು ವರ್ಷ, ತಿಂಗಳಿಗೆ ಹತ್ತು ಸಾವಿರ ರೂಪಾಯಿ ಕೊಡಿ. ವರ್ಷಕ್ಕೆ ಒಬ್ಬರಿಗೆ 1,20,000 ಆಯಿತು. ಎಲ್‌ಇಡಿ ಪರದೆ, ಡ್ರೋನ್ ಕ್ಯಾಮೆರಾ, ನಿರೂಪಕಿ ಎಲ್ಲ ಸೇರಿಸಿ ಒಂದು ದಿನದ ವೇದಿಕೆಗೆ ಎಷ್ಟಾಗುತ್ತದೆ ಎಂದು ನಿಮ್ಮ ಲೆಕ್ಕದ ವಿಭಾಗವನ್ನೇ ಕೇಳಿ, ಪಕ್ಕದಲ್ಲಿ ಇಟ್ಟು ನೋಡಿ. ಹಣ ತಿಂಗಳ ಮೊದಲ ವಾರ ಖಾತೆಗೆ ಬೀಳಲಿ, ತಿಂಗಳುಗಟ್ಟಲೆ ಕಾಯಿಸುವುದು ಬೇಡ. ಕಲಿಯುವ ಮಕ್ಕಳಿಗೆ ಮಧ್ಯಾಹ್ನ ಒಂದು ಹೊತ್ತಿನ ಊಟ, ಪಕ್ಕದ ಊರಿಂದ ಬರುವವರಿಗೆ ಬಸ್ ಪಾಸ್ ಬೇಕು. ಶನಿವಾರ ಬೆಳಗಿನ ಶಾಲೆ ಮುಗಿಸಿದ ಮಗು ಹಸಿದುಕೊಂಡು ಪದ ಹೇಳಲಾರದು. ಮಾಸ್ತರ ವಹಿಗಳನ್ನು ಸ್ಕ್ಯಾನ್ ಮಾಡಿಸುವಾಗ ಅವರನ್ನೇ ಪಕ್ಕದಲ್ಲಿ ಕೂರಿಸಿ ಹಾಡಿಸಿ, ಆ ಗುರುತುಗಳ ಅರ್ಥ ಹೇಳಿಸಿ ಧ್ವನಿಮುದ್ರಣ ಮಾಡಿಸಿ.

ಕಾಗದಪತ್ರದ ತೊಡಕು ನನಗೆ ಅರ್ಥವಾಗುತ್ತದೆ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್ ಹಣದಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುವ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಅದಕ್ಕೆ ಟ್ರಸ್ಟ್, ಸೊಸೈಟಿ ಅಥವಾ ಲಾಭಕ್ಕಲ್ಲದ ಕಂಪನಿ ಆಗಿರಬೇಕು, ಮೂರು ವರ್ಷದ ಕೆಲಸದ ದಾಖಲೆ ತೋರಿಸಬೇಕು. ನಮ್ಮೂರಿನ ದೊಡ್ಡಾಟದ ಮೇಳಕ್ಕೆ ಬ್ಯಾಂಕ್ ಖಾತೆಯೇ ಇಲ್ಲ. ಇಂಥ ಮೇಳಗಳನ್ನು ಓಡಾಡಿಸಬೇಡಿ. ನೋಂದಣಿ ಇರುವ ಒಂದು ಸ್ಥಳೀಯ ಸಂಸ್ಥೆಯನ್ನು ನೀವೇ ಹುಡುಕಿ, ಹತ್ತಾರು ಮೇಳಗಳನ್ನು ಅದರ ಅಡಿಯಲ್ಲಿ ತನ್ನಿ. ಯಾರು ಯಾವ ಊರಿನಲ್ಲಿ ಏನು ಬಲ್ಲರು ಎಂದು ತಿಳಿಯಲು ದೂರದ ಸಲಹೆಗಾರರು ಬೇಕಿಲ್ಲ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜನಪದ ವಿಶ್ವವಿದ್ಯಾಲಯವೇ ಇದೆ. ಅವರನ್ನು ಕೇಳಿ, ನಮ್ಮಂಥ ಶಾಲೆಗಳನ್ನೂ ಕೇಳಿ.

ಅಳತೆಯನ್ನೂ ಬದಲಾಯಿಸಿ. ವರ್ಷದ ಕೊನೆಗೆ ಎಷ್ಟು ಮಕ್ಕಳು ಬಂದರು ಎಂದು ಕೇಳುವ ಬದಲು ಎಷ್ಟು ಮಕ್ಕಳು ಉಳಿದರು ಎಂದು ಕೇಳಿ. ಯಾರಿಗೆ ಎಷ್ಟು ಪದ ಬಂತು, ಯಾರು ತಾನೇ ಇನ್ನೊಬ್ಬರಿಗೆ ಹೇಳಿಕೊಡುವ ಮಟ್ಟಕ್ಕೆ ಬಂದರು ಎಂದು ಕೇಳಿ. ಪ್ರದರ್ಶನ ಬೇಕೇ ಬೇಕು ಅಂದರೆ ನಮ್ಮ ಜಾತ್ರೆಗೆ ಬನ್ನಿ, ರಾತ್ರಿ ಕೂತು ಪೂರ್ತಿ ಆಟ ನೋಡಿ. ನಿಮ್ಮ ಹೆಸರನ್ನು ಊರಿನವರೇ ಮೈಕಿನಲ್ಲಿ ಹೇಳುತ್ತಾರೆ. ಮಕ್ಕಳ ಎದೆಯ ಮೇಲೆ ಅದನ್ನು ಬರೆಸುವುದು ಬೇಡ.

ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷ ಶುರುವಾಗುತ್ತದೆ. ಅದಕ್ಕೆ ಮೊದಲು ಮೂರೂ ಜಿಲ್ಲೆಗಳ ಕಂಪನಿಗಳು ಸೇರಿ ಒಂದು ಸಭೆ ಕರೆಯಬೇಕೆಂದು ಕೋರುತ್ತೇನೆ. 1997ರವರೆಗೆ ಇವು ಮೂರೂ ಒಂದೇ ಜಿಲ್ಲೆಯಾಗಿದ್ದವು, ಕಲೆಗಳಿಗೆ ಇವತ್ತಿಗೂ ಆ ಗಡಿ ಗೊತ್ತಿಲ್ಲ. ಸಭೆಗೆ ಕಲಿಸುವವರನ್ನು ಕರೆಯಿರಿ, ಅವರು ಮೊದಲು ಮಾತಾಡಲಿ. ಪಾಳಿ ಮತ್ತು ರಜೆಯ ವಿಚಾರ ಇರುವುದರಿಂದ ನಿಮ್ಮ ಸಿಬ್ಬಂದಿ ವಿಭಾಗದವರೂ ಅಲ್ಲಿರಲಿ. ನಗರದಲ್ಲಿ ಜಾಗ ಸಿಗದಿದ್ದರೆ ನಮ್ಮ ಶಾಲೆಯ ಕೋಣೆ ಇದೆ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನೀವು ಏನು ಮಾಡಲು ಸಾಧ್ಯ, ಏನು ಸಾಧ್ಯವಿಲ್ಲ ಎಂದು ಬರೆದು ತಿಳಿಸಿದರೆ ಅದನ್ನು ಮಾಸ್ತರಿಗೂ ಮಕ್ಕಳ ಪಾಲಕರಿಗೂ ಓದಿ ಹೇಳುತ್ತೇನೆ.

ತಮ್ಮ ವಿಶ್ವಾಸಿ,
ಕುಂದಗೋಳ ತಾಲೂಕಿನ ಒಬ್ಬ ಕನ್ನಡ ಶಿಕ್ಷಕಿ